ದೊಡ್ಡಣ್ಣನ ಉಪವಾಸ

"ಸ್ವಲ್ಪ ಎತ್ತಿ ಹಿಡೀರಿ ಚಿಕ್ಕಣ್ಣ. ಇನ್ನೂ ಸ್ವಲ್ಪ," ಎಂದ ದರ್ಜಿ, ತುಟಿಯಲ್ಲಿ ಎರಡು ಪಿನ್ನು ಕಚ್ಚಿಕೊಂಡೇ.

ಚಿಕ್ಕಣ್ಣ ಅಣ್ಣನ ಹೆಗಲಿನಡಿ ಕೈ ತೂರಿಸಿ ಎತ್ತಿ ಹಿಡಿದ. ಹೆಣ ಭಾರವಿರುತ್ತದೆ ಅನ್ನುತ್ತಾರೆ. ಇದು ಹಾಗಿರಲಿಲ್ಲ. ದರ್ಜಿ ಶರ್ಟಿನ ಬೆನ್ನಿನ ಬಟ್ಟೆಯನ್ನು ಒಂದು ಹಿಡಿಯಷ್ಟು ಒಟ್ಟುಮಾಡಿ, ಮಡಿಸಿ, ಪಿನ್ನು ಚುಚ್ಚಿದ. ಮುಂದಿನಿಂದ ನೋಡಿದರೆ ಶರ್ಟು ನಿನ್ನೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಹಿಂದಿನದು ಮಲಗಿದವನಿಗೂ ಮಂಚಕ್ಕೂ ಬಿಟ್ಟ ವಿಷಯ.

"ಇವರ ಮಗಳ ಮದುವೆಗೆ ನಾನೇ ಹೊಲಿದ ಶರ್ಟು. ಆಗ ಗುಂಡಿ ಹಾಕಿದ್ರೆ ಉಸಿರಾಡೋಕೆ ಜಾಗ ಇರ್ತಿರ್ಲಿಲ್ಲ. ಈಗ ನೋಡಿ, ಇನ್ನೊಬ್ಬರು ಬಂದು ಸೇರ್ಕೋಬಹುದು."

"ಪ್ಯಾಂಟು?"

"ಅದಕ್ಕೆ ಪಿನ್ನು ಸಾಲಲ್ಲ, ದಾರಾನೇ ಬೇಕು." ದರ್ಜಿ ಸೂಜಿಗೆ ದಾರ ಪೋಣಿಸುತ್ತ ದನಿ ತಗ್ಗಿಸಿದ. "ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬೇಡಿ. ಅದು ನಿಜವಾಗ್ಲೂ ಉಪವಾಸಾನೇನಾ?"

"ಮತ್ತೇನು?"

"ಅಲ್ಲ, ಜನ ಒಂದೊಂದು ಅಂತಾರೆ. ಯಾವ್ದೋ ದೊಡ್ಡ ಕಾಯಿಲೆ ಇತ್ತು, ಮುಚ್ಚಿಟ್ರು ಅಂತ ಕೆಲವರು. ಇನ್ನು ಕೆಲವರು… ಬಿಡಿ ಅತ್ಲಾಗೆ."

"ಹೇಳಿ. ಸೂಜಿ ಕೈಲಿರೋವಾಗ ಅರ್ಧ ಮಾತಾಡಬೇಡಿ."

"ತಮ್ಮ ತಿನ್ನೋಕೆ ಬಿಡ್ತಿರ್ಲಿಲ್ಲ, ಕೆಲಸ ತೆಗೀತಿದ್ದ ಅಂತ."

ಚಿಕ್ಕಣ್ಣ ಅಣ್ಣನ ಕಾಲರನ್ನು ನೇರ ಮಾಡಿದ. ಜನರ ಅನುಮಾನ ಅವನಿಗೆ ಚಿಲ್ಲರೆ ಅನ್ನಿಸಿತು. ಅವನ ಬಳಿ ಇದಕ್ಕಿಂತ ದೊಡ್ಡದೊಂದಿತ್ತು. ಆರು ವರ್ಷದಿಂದ ಜತನವಾಗಿ ಸಾಕಿದ್ದು, ತೂಕ ಇಳಿಯದೆ ಬೆಳೆದದ್ದು.

ಅಣ್ಣ ತಮ್ಮಂದಿರದು ಬೇಕರಿ. ಕೆಳಗೆ ಭಟ್ಟಿ ಮತ್ತು ಅಂಗಡಿ, ಮೇಲೆ ಎರಡು ಮನೆ. ದೊಡ್ಡಣ್ಣ, ಚಿಕ್ಕಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಇಬ್ಬರ ನಡುವೆ ಮೂರು ವರ್ಷದ ಅಂತರ. ನಿನ್ನೆ ಬೆಳಗಿನ ಜಾವ ದೊಡ್ಡಣ್ಣ ಭಟ್ಟಿಗೆ ಇಳಿದು ಬರಲಿಲ್ಲ. ಅತ್ತಿಗೆ ಹೋಗಿ ಅಲುಗಾಡಿಸಿದರೆ ಏಳಲಿಲ್ಲ. ಅಷ್ಟೇ. ಗಲಾಟೆಯ ಮನುಷ್ಯ ಗಲಾಟೆಯಿಲ್ಲದೆ ಹೋಗಿದ್ದೇ ಚಿಕ್ಕಣ್ಣನಿಗೆ ಮೊದಲ ಅನುಮಾನ.

ನಿನ್ನೆಯಿಂದ ಅವನ ಕಣ್ಣು ಒದ್ದೆಯಾಗಿರಲಿಲ್ಲ. ಅಳು ಬಾರದ್ದಲ್ಲ, ಗಂಟಲವರೆಗೆ ಬಂದು ಕಾಯುತ್ತ ಕೂತಿತ್ತು. ಅಣ್ಣ ತನಗೆ ಮೋಸ ಮಾಡುತ್ತಿದ್ದನೋ ಇಲ್ಲವೋ, ಅದು ಗೊತ್ತಾಗದೆ ಹೇಗೆ ಅಳುವುದು? ಮೋಸಗಾರನಿಗಾಗಿ ಅತ್ತು ಆಮೇಲೆ ವಾಪಸ್ ತೆಗೆದುಕೊಳ್ಳಲಾಗುತ್ತದೆಯೇ?

*

ಅಪ್ಪ ಸಾಯುವ ಮುಂಚೆ ಇಬ್ಬರನ್ನೂ ಭಟ್ಟಿಯ ಮುಂದೆ ನಿಲ್ಲಿಸಿ ಒಂದು ಮಾತು ಹೇಳಿದ್ದ. "ಭಟ್ಟಿ ಪಾಲಾಗಬಾರದು. ಇಟ್ಟಿಗೆ ಹಂಚಿಕೊಂಡ್ರೆ ಬೆಂಕಿ ಯಾರಿಗೂ ಸಿಗಲ್ಲ. ಇಬ್ಬರೂ ಇರೋವರೆಗೆ ಇಬ್ಬರದೂ. ಒಬ್ಬ ಹೋದ್ಮೇಲೆ ಉಳಿದವನದು, ಆಮೇಲೆ ಅವನ ಮಕ್ಕಳದು."

ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಮಕ್ಕಳು ಒಬ್ಬರ ಆಯುಷ್ಯದ ಮೇಲೆ ಇನ್ನೊಬ್ಬರು ಕಣ್ಣಿಡಬಹುದೆಂದು ಅವನಿಗೆ ತೋಚಿರಲಿಕ್ಕಿಲ್ಲ. ಚಿಕ್ಕಣ್ಣನಿಗೂ ಬಹಳ ಕಾಲ ತೋಚಲಿಲ್ಲ. ಮೂರು ವರ್ಷ ಚಿಕ್ಕವನು ತಾನು. ಪ್ರಕೃತಿ ತನ್ನ ಕಡೆಗಿದೆ ಎಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ.

ಭಟ್ಟಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ದಿನದ ಮೊದಲ ಬ್ರೆಡ್ಡು ಹೊರಬಂದಾಗ ಹಿರಿಯ ಅದರ ತುದಿ ಮುರಿದು ಬಾಯಿಗೆ ಹಾಕಬೇಕು. ಅಗಿಯಬೇಕು. "ಹ್ಞೂಂ" ಅನ್ನಬೇಕು. ಆಮೇಲಷ್ಟೇ ಟ್ರೇಗಳು ಅಂಗಡಿಗೆ ಹೋಗಬೇಕು. ಇದಕ್ಕೆ ಮೊದಲ ತುತ್ತು ಎಂದು ಹೆಸರು. ದೊಡ್ಡಣ್ಣನ "ಹ್ಞೂಂ" ಬೀದಿಯಲ್ಲೇ ಪ್ರಸಿದ್ಧ. ಉಪ್ಪು ಚಿಟಿಕೆ ಕಡಿಮೆಯಾದರೆ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಹಿಟ್ಟು ಹುಳಿ ಬಂದಿದ್ದರೆ ತಮ್ಮನ ವಂಶವೆಲ್ಲ ಬೈಗುಳಕ್ಕೆ ಸಿಗುತ್ತಿತ್ತು, ಅದು ತನ್ನದೇ ವಂಶವೆಂಬುದನ್ನೂ ಮರೆತು.

ಆರು ವರ್ಷದ ಹಿಂದೆ, ಒಂದು ಕೆಟ್ಟ ಜ್ವರ ಬಿದ್ದು ಎದ್ದ ಮೇಲೆ, ದೊಡ್ಡಣ್ಣ ಮೊದಲ ತುತ್ತನ್ನು ತಮ್ಮನ ಕಡೆ ಚಾಚಿದ.

"ಇನ್ಮೇಲೆ ನೀನೇ ನೋಡು."

"ಯಾಕೆ?"

"ಉಪವಾಸ ಶುರು ಮಾಡಿದೀನಿ. ಮಧ್ಯಾಹ್ನದಿಂದ ಸಂಜೆವರೆಗೆ ಎಷ್ಟು ಬೇಕಾದ್ರೂ ತಿನ್ನಬಹುದು. ಉಳಿದ ಹೊತ್ತು ನೀರು. ಅದರಿಂದ ಮುಪ್ಪು ತಡವಾಗಿ ಬರುತ್ತಂತೆ."

"ಯಾರು ಹೇಳಿದ್ದು?"

"ಎಲ್ಲಾರೂ ಹೇಳ್ತಿದಾರೆ. ನೀನು ಫೋನಲ್ಲಿ ಜಗಳದ ವಿಡಿಯೋ ಬಿಟ್ಟು ಬೇರೆ ಏನಾದ್ರೂ ನೋಡಿದ್ರೆ ತಾನೇ?"

ಚಿಕ್ಕಣ್ಣ ಬ್ರೆಡ್ಡಿನ ತುದಿ ಬಾಯಿಗೆ ಹಾಕಿಕೊಂಡ. ಅಗಿಯುತ್ತ ಅಗಿಯುತ್ತ ಅವನಿಗೆ ಲೆಕ್ಕ ಬಿಚ್ಚಿಕೊಳ್ಳತೊಡಗಿತು. ಮುಪ್ಪು ತಡವಾಗಿ ಬರುತ್ತದೆ. ಯಾರಿಗೆ? ಅಣ್ಣನಿಗೆ. ಎಷ್ಟು ತಡವಾಗಿ? ಮೂರು ವರ್ಷಕ್ಕಿಂತ ಹೆಚ್ಚಾದರೆ ಸಾಕು. ಮತ್ತೆ ಈ ಮೊದಲ ತುತ್ತು? ಅದನ್ನು ತಿನ್ನುವವನು ಜನ್ಮದಲ್ಲಿ ಇಂಥ ಉಪವಾಸ ಮಾಡುವಂತಿಲ್ಲ. ಕೋಳಿ ಕೂಗುವುದರೊಳಗೆ ಅವನ ಹೊಟ್ಟೆಗೆ ಬ್ರೆಡ್ಡು ಬಿದ್ದಿರುತ್ತದೆ. ತಾನು ಬಾಯಿ ಕಟ್ಟಿ, ತಮ್ಮನ ಬಾಯಿಗೆ ತುತ್ತು ಇಟ್ಟು, ಭಟ್ಟಿಯನ್ನು ಗುಟುಕು ಗುಟುಕಾಗಿ ನುಂಗುವ ಉಪಾಯ!

ಅಂಥ ಉಪಾಯ ಹೊಳೆಯಲು ಎಂಥ ತಲೆ ಬೇಕೆಂದು ಅವನು ಅಣ್ಣನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡ. ಅಂಥ ತಲೆ ತನ್ನ ಕತ್ತಿನ ಮೇಲೂ ಇರಬಹುದೆಂದು ಅವನಿಗೆ ಹೊಳೆಯಲಿಲ್ಲ.

*

ನಡುಮನೆ ತುಂಬಿತ್ತು. ಮಗಳು ಅಪ್ಪನ ಕಾಲ ಬಳಿ, ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಜನ ಕೈಕಟ್ಟಿ ಕೂತಿದ್ದರು. ಬಂದವರೆಲ್ಲ ಮೊದಲು ದೊಡ್ಡಣ್ಣನ ಮುಖ ನೋಡಿ, ಆಮೇಲೆ ಚಿಕ್ಕಣ್ಣನ ಮುಖ ನೋಡಿ, ಆಮೇಲೆ ಪಕ್ಕದವರ ಕಿವಿಗೆ ಬಾಗುತ್ತಿದ್ದರು. ಇದು ಎಲ್ಲರೂ ಪಾಲಿಸಿದ ಕ್ರಮ.

ನಿವೃತ್ತ ಮೇಷ್ಟ್ರು ಮುಂದಿನ ಕುರ್ಚಿ ಹಿಡಿದಿದ್ದರು. ಅವರಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಇದ್ದರೆ ಅದು ಪ್ರಪಂಚದ ತಪ್ಪು.

"ಇಲಿಗಳ ಮೇಲೆ ಮಾಡಿ ನೋಡಿದಾರೆ," ಎಂದರು. "ಹೊತ್ತು ಗೊತ್ತು ನೋಡಿ ಊಟ ಕೊಟ್ಟ ಇಲಿಗಳು ಚುರುಕಾಗಿದ್ವಂತೆ. ಮೈಯೊಳಗಿನ ಹಳೇ ಕಸಾನ ಮೈಯೇ ಗುಡಿಸಿ ಸ್ವಚ್ಛ ಮಾಡ್ಕೊಳ್ಳುತ್ತೆ. ಸುಮ್ನೆ ಹೇಳ್ತಿಲ್ಲ, ಓದಿದೀನಿ."

"ಹಂಗಾದ್ರೆ ದೊಡ್ಡಣ್ಣ ಯಾಕೆ ಹೋದ್ರು ಮೇಷ್ಟ್ರೇ?" ದರ್ಜಿ ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಳ್ಳುತ್ತ ಕೇಳಿದ.

"ದೊಡ್ಡಣ್ಣ ಇಲಿ ಅಲ್ಲವಲ್ಲ."

"ನಮ್ಮ ಅಜ್ಜಿ ಎದ್ದ ತಕ್ಷಣ ತಿನ್ನೋಕೆ ಕೂತ್ರೆ ಮಲಗೋವರೆಗೂ ನಿಲ್ಲಿಸ್ತಿರ್ಲಿಲ್ಲ. ತೊಂಬತ್ತು ದಾಟಿದ್ರು."

"ಉಪವಾಸ ಮಾಡಿದ್ರೆ ನೂರು ದಾಟ್ತಿದ್ರು."

"ಬೇಡ ಬಿಡಿ, ತೊಂಬತ್ತಕ್ಕೇ ಮನೆಯವರು ಸುಸ್ತಾಗಿದ್ರು."

ಯಾರೋ ನಗು ತಡೆಯಲು ಕೆಮ್ಮಿದರು. ಹಿಂದಿನ ಸಾಲಿನಿಂದ ಒಂದು ಹೆಂಗಸಿನ ದನಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಏನೇ ಆಗ್ಲಿ, ಭಟ್ಟಿ ಇನ್ನು ಚಿಕ್ಕಣ್ಣಂದೇ," ಎಂದಿತು. ಕೂತವರೆಲ್ಲ ತಮ್ಮ ತಮ್ಮ ಚಪ್ಪಲಿ ಇದೆಯೋ ಇಲ್ಲವೋ ಎಂದು ಬಾಗಿಲ ಕಡೆ ನೋಡಿದರು.

ಆಗಲೇ ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತು ಕಣ್ಸನ್ನೆ ಮಾಡಿದರು. ಚಿಕ್ಕಣ್ಣ ಎದ್ದು ಹೋದ. ಅತ್ತಿಗೆ ಬಾಗಿಲನ್ನು ಅರ್ಧ ಮುಚ್ಚಿದರು. ಅತ್ತೂ ಅತ್ತೂ ಮುಖ ಊದಿತ್ತು, ಆದರೆ ಕಣ್ಣು ಒಣಗಿ ಹರಿತವಾಗಿತ್ತು.

"ನೋಡು, ಹೆಣ ಎದುರಿಗಿದೆ. ಸುಳ್ಳು ಹೇಳಬಾರದು."

"ನಾನೇನ್ ಮಾಡಿದೆ ಅತ್ತಿಗೆ? ತಿನ್ನಬೇಡ ಅಂತ ನಾನ್ಯಾಕೆ ಹೇಳ್ಲಿ?"

"ಅದಲ್ಲ. ಅವರು ಎಲ್ಲಿ ಊಟ ಮಾಡ್ತಿದ್ರು? ಯಾರ ಮನೇಲಿ?"

ಚಿಕ್ಕಣ್ಣನಿಗೆ ಅರ್ಥವಾಗಲಿಲ್ಲ.

"ಮದುವೆ ಆದಾಗಿನಿಂದ ನನ್ನ ಅಡುಗೇನ ಒಂದು ದಿನ ಹೊಗಳಿದವರಲ್ಲ," ಎಂದರು ಅತ್ತಿಗೆ. "ಉಪ್ಪು ಜಾಸ್ತಿ, ಖಾರ ಕಮ್ಮಿ, ನಿಮ್ಮಮ್ಮ ಏನ್ ಕಲಿಸಿದ್ರು, ಇದೇ ಆಗಿತ್ತು. ಈ ಉಪವಾಸ ಹಿಡಿದ್ಮೇಲೆ ಏನ್ ಬಡಿಸಿದ್ರೂ ಚೆನ್ನಾಗಿದೆ. ತಳ ಹಿಡಿದಿದ್ದೂ ಚೆನ್ನಾಗಿದೆ. ಉಪ್ಪು ಹಾಕೋದು ಮರೆತಿದ್ದೆ, ಅದೂ ಚೆನ್ನಾಗಿದೆ. ಗಂಡ ಅನ್ನೋನು ಇದ್ದಕ್ಕಿದ್ದ ಹಾಗೆ ಹೊಗಳೋಕೆ ಶುರು ಮಾಡಿದ್ರೆ ಯಾವ ಹೆಂಡತಿಗೆ ಅನುಮಾನ ಬರಲ್ಲ?"

"ಅಂದ್ರೆ… ಅಣ್ಣನಿಗೆ ಇನ್ನೊಂದು…"

"ಹೌದು. ಬೆಳಗ್ಗೆ ಹೊತ್ತು ಅಲ್ಲಿ, ಮಧ್ಯಾಹ್ನ ಇಲ್ಲಿ. ಬೆಳಗ್ಗೆ ಇಡೀ ನಿನ್ನ ಕಣ್ಣೆದುರಿಗೇ ಇರ್ತಿದ್ರಲ್ಲ. ನಿನಗೆ ಗೊತ್ತಿರಲೇಬೇಕು."

"ಬೆಳಗ್ಗೆ ಇಡೀ ಭಟ್ಟಿ ಬಿಟ್ಟು ಅಲುಗಾಡ್ತಿರ್ಲಿಲ್ಲ ಅತ್ತಿಗೆ. ನಾನೇ ಕಾವಲು ಕಾದಿದೀನಿ."

"ನೀನು ಯಾಕೆ ಕಾದೆ?"

 ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಒಂದೇ ಮನುಷ್ಯನನ್ನು ಆರು ವರ್ಷ ಎರಡು ಮಹಡಿಗಳಲ್ಲಿ ಬೇರೆ ಬೇರೆ ಕಾರಣಕ್ಕೆ ಕಾದವರು ಅವರು. ಇದುವರೆಗೆ ಒಬ್ಬರ ಸುಳಿವು ಒಬ್ಬರಿಗೆ ಸಿಕ್ಕಿರಲಿಲ್ಲ.

*

ಕಾದದ್ದು ನಿಜ. ಮೊದಲ ವರ್ಷ ಚಿಕ್ಕಣ್ಣ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಣ್ಣ ಕದ್ದು ತಿನ್ನುತ್ತಾನೆ, ಸಿಕ್ಕಿಬಿದ್ದರೆ ಉಪವಾಸದ ಬಣ್ಣ ಬಯಲಾಗುತ್ತದೆ ಎಂದು ಬೆಣ್ಣೆ ಸವರಿದ ಬನ್ನನ್ನು ಅವನ ಮೂಗಿನ ಕೆಳಗೇ ಇಟ್ಟು ಮರೆಯಲ್ಲಿ ನಿಂತ. ದೊಡ್ಡಣ್ಣ ಬನ್ನನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, ಅದು ಮೇಲೆದ್ದು ಬಂದದ್ದನ್ನು ಕಂಡು ತಲೆಯಾಡಿಸಿ, ಪಕ್ಕಕ್ಕೆ ಸರಿಸಿದ. ಎಂಥ ಸಂಯಮ! ಸಂಯಮ ಕಂಡು ಚಿಕ್ಕಣ್ಣನ ಹೊಟ್ಟೆ ಇನ್ನಷ್ಟು ಉರಿಯಿತು. ಇಷ್ಟು ಗಟ್ಟಿ ಮನಸ್ಸಿನವನು ಸುಲಭಕ್ಕೆ ಸಾಯುವವನಲ್ಲ.

ಅಣ್ಣನ ಹೊಟ್ಟೆ ಕರಗಿತು. ನಡಿಗೆ ಚುರುಕಾಯಿತು. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದವನು ಈಗ ಶಿಳ್ಳೆ ಹಾಕಿಕೊಂಡು ಹತ್ತುತ್ತಿದ್ದ. ಆ ಶಿಳ್ಳೆ ತನಗೇ ಕೇಳಲೆಂದು ಹಾಕಿದ್ದೆಂದು ಚಿಕ್ಕಣ್ಣನಿಗೆ ಸಂಶಯವೇ ಉಳಿಯಲಿಲ್ಲ. ಅವನ ಸ್ವಂತ ಹೊಟ್ಟೆ ಮಾತ್ರ ಮೊದಲ ತುತ್ತಿನ ಕೃಪೆಯಿಂದ ದಿನೇ ದಿನೇ ಮುಂದೆ ಬರುತ್ತಿತ್ತು.

ಇದೆಲ್ಲಕ್ಕಿಂತ ಆಳಕ್ಕೆ ನಾಟಿದ್ದು ಬೇರೆ. ಮೊದಲ ತುತ್ತು ತನ್ನ ಪಾಲಿಗೆ ಬಂದ ಮೇಲೆ ಚಿಕ್ಕಣ್ಣ ಹೊಸದೊಂದು ಬ್ರೆಡ್ಡು ಮಾಡಿದ್ದ. ರಾತ್ರಿಯೆಲ್ಲ ತಣ್ಣಗೆ ಉಬ್ಬಿಸಿ, ನಿಧಾನಕ್ಕೆ ಬೇಯಿಸಿದ್ದು. ಬೀದಿಯವರು ಮುಗಿಬಿದ್ದರು. ಒಂದು ಭಾನುವಾರ, ಉಪವಾಸ ಬಿಡುವ ಹೊತ್ತನ್ನು ಸರಿಯಾಗಿ ಕಾದು, ಅದನ್ನು ತಾನೇ ಕುಯ್ದು ಅಣ್ಣನ ಮುಂದಿಟ್ಟ. ದೊಡ್ಡಣ್ಣ ತಿಂದು, "ಚೆನ್ನಾಗಿದೆ," ಎಂದ. ಹುಬ್ಬಿಲ್ಲ, ಬೈಗುಳವಿಲ್ಲ, "ಹ್ಞೂಂ" ಕೂಡ ಇಲ್ಲ. ದಾರಿಹೋಕ ಗಿರಾಕಿಯ ಹಾಗೆ, ಚೆನ್ನಾಗಿದೆ.

ಮುಂದಿನ ಭಾನುವಾರ ಚಿಕ್ಕಣ್ಣ ಬೇಕೆಂದೇ ಉಪ್ಪು ಹಾಕದೆ ಒಂದು ಬ್ರೆಡ್ಡು ಮಾಡಿ ಇಟ್ಟ. ದೊಡ್ಡಣ್ಣ ಎರಡು ಹೋಳು ತಿಂದ.

"ಹೇಗಿದೆ?"

"ಚೆನ್ನಾಗಿದೆ ಕಣೋ. ಹೋದ ವಾರದ ಹಾಗೇ ಇದೆ."

ತನ್ನ ಕೈಯ ಒಳ್ಳೆಯದೂ ಕೆಟ್ಟದ್ದೂ ಅಣ್ಣನಿಗೆ ಒಂದೇ. ಅಷ್ಟರ ಮೇಲೆ ಚಿಕ್ಕಣ್ಣ ಕೇಳುವುದನ್ನು ಬಿಟ್ಟ. ಅಂದಿನಿಂದ ಅವರ ನಡುವೆ ಮೈದಾ, ಸಕ್ಕರೆ, ಸೌದೆ ಇವುಗಳ ಹೊರತು ಬೇರೆ ಮಾತು ನಡೆಯಲಿಲ್ಲ.

*

ಡಾಕ್ಟರು ಬಂದದ್ದು ಹೊತ್ತುಕೊಂಡು ಹೋಗುವವರು ತೋಳು ಮಡಿಸಿ ಸಿದ್ಧರಾದ ಮೇಲೆ. ಬೀದಿಯ ತುದಿಯಲ್ಲಿ ಅವರ ಔಷಧಿ ಅಂಗಡಿಗೆ ತಾಗಿದ ಪುಟ್ಟ ಕ್ಲಿನಿಕ್ಕು. ದೊಡ್ಡಣ್ಣ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಈ ಸಾವಿಗೆ ಯಾರಾದರೂ ಉತ್ತರ ಕೊಡಬೇಕಾದರೆ ಅದು ಅವರೇ ಎಂದು ನಡುಮನೆ ಆಗಲೇ ತೀರ್ಮಾನಿಸಿತ್ತು.

"ಬನ್ನಿ ಡಾಕ್ಟ್ರೇ," ಎಂದ ದರ್ಜಿ. "ನಿಮ್ಮ ಉಪವಾಸ ಎಲ್ಲಿಗೆ ಬಂತು ನೋಡಿ."

"ನನ್ನ ಉಪವಾಸವಾ?"

"ನೀವೇ ತಾನೇ ಹೇಳಿದ್ದು, ಹೀಗೆ ಮಾಡಿದ್ರೆ ಮುಪ್ಪು ಬರಲ್ಲ ಅಂತ?"

"ಮುಪ್ಪು ಬರಲಿಲ್ಲವಲ್ಲ," ಎಂದರು ಮೇಷ್ಟ್ರು. ಅದು ತಮಾಷೆಯೋ ತರ್ಕವೋ ಯಾರಿಗೂ ತಿಳಿಯಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನಿನ್ನೆ ನೋಡಿದ ಪ್ರಕಾರ ತಲೇಲಿ ಒಂದು ರಕ್ತನಾಳ ಒಡೆದಿರಬೇಕು. ಅದು ಉಪವಾಸ ಇದ್ದವರಿಗೂ ಒಡೆಯುತ್ತೆ, ಉಂಡವರಿಗೂ ಒಡೆಯುತ್ತೆ. ಉಪವಾಸದಿಂದ ಅವರಿಗೆ ಸಕ್ಕರೆ ಇಳೀತು, ಬಿ.ಪಿ. ಇಳೀತು, ಒಳ್ಳೇ ನಿದ್ದೆ ಬಂತು. ಆಯಸ್ಸು ಜಾಸ್ತಿ ಆಗುತ್ತಾ ಅಂತ ಕೇಳಿದ್ರೆ, ಗೊತ್ತಿಲ್ಲ. ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ."

ಚಿಕ್ಕಣ್ಣ ಮುಂದೆ ಬಂದ.  "ನನಗೆ ಅದು ಬೇಡ ಡಾಕ್ಟ್ರೇ. ಅಣ್ಣ ನಿಮ್ಮ ಹತ್ರ ಬಂದು ಏನಂತ ಕೇಳಿದ? ನನಗಿಂತ ಜಾಸ್ತಿ ಬದುಕಬೇಕು ಅಂತಾನಾ?"

 ಡಾಕ್ಟರು ಅವನನ್ನು ನೋಡಿದರು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯನ್ನು ನೋಡಿದರು. ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದರು. ಹೊರಗೆ ಕುರ್ಚಿಗಳು ಬಾಗಿಲ ಕಡೆ ಸರಿದ ಸದ್ದು ಕೇಳಿಸಿತು.

"ಹೇಳಬಾರದು ಅಂತ ಮಾತು ತಗೊಂಡಿದ್ರು. ಈಗ ಅವರೇ ಇಲ್ಲ," ಎಂದರು ಡಾಕ್ಟರು. "ಆ ಜ್ವರ ಬಂದಿತ್ತಲ್ಲ, ಅದರಲ್ಲಿ ಅವರಿಗೆ ವಾಸನೆ ಹೋಯ್ತು. ವಾಸನೆ ಜೊತೆಗೆ ರುಚಿ. ಎಷ್ಟೋ ಜನಕ್ಕೆ ವಾಪಸ್ ಬರುತ್ತೆ. ಅವರಿಗೆ ಬರಲೇ ಇಲ್ಲ. ತಿಂಗಳು ತಿಂಗಳು ಬಂದು ಕೇಳ್ತಿದ್ದದ್ದು ಅದನ್ನೇ."

"ಏನೂ ಗೊತ್ತಾಗ್ತಿರ್ಲಿಲ್ವಾ?" ಅತ್ತಿಗೆ ಕೇಳಿದರು.

"ಏನೂ. ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ, ಅಷ್ಟೇ."

"ಮತ್ತೆ ಉಪವಾಸ?" ಎಂದ ಚಿಕ್ಕಣ್ಣ.

"ಬಂದು ಕೂತ್ಕೊಂಡು ಕೇಳಿದ್ರು, 'ಡಾಕ್ಟ್ರೇ, ಬೆಳಗ್ಗೆ ಹೊತ್ತು ಬಾಯಿಗೆ ಏನೂ ಹಾಕಬಾರದು ಅನ್ನೋ ಥರದ ಕಾಯಿಲೆ ಯಾವ್ದಾದ್ರೂ ಇದೆಯಾ?' ಅಂತ. ಅಂಥ ಕಾಯಿಲೆ ಇಲ್ಲ, ಅಂಥ ಫ್ಯಾಷನ್ ಒಂದಿದೆ, ಅಂದೆ. ಅದೇ ಸಾಕು ಅಂದ್ರು. ನೆಪಕ್ಕೆ ಹಿಡಿದಿದ್ದು, ಮೈಗೆ ಒಳ್ಳೇದೇ ಆಯ್ತು. ಅದು ನಮ್ಮಿಬ್ಬರಿಗೂ ಆಶ್ಚರ್ಯ."

"ನನಗೆ ಹೇಳಬಹುದಿತ್ತಲ್ಲ."

"ನಾನೂ ಅದೇ ಅಂದೆ. 'ಅವನಿಗೆ ಹೇಳಿದ್ರೆ ನನ್ನನ್ನ ನೋಡಿ ಅಯ್ಯೋ ಪಾಪ ಅಂತಾನೆ ಡಾಕ್ಟ್ರೇ. ನಲವತ್ತು ವರ್ಷ ಅವನ ಬ್ರೆಡ್ಡಿಗೆ ತಪ್ಪು ಹಿಡಿದವನು ನಾನು. ಅದರ ಬದಲು ಅನುಮಾನ ಪಡ್ಲಿ ಬಿಡಿ, ಅದಾದ್ರೆ ಅವನಿಗೆ ಅಭ್ಯಾಸ ಇದೆ' ಅಂದ್ರು."

ಅತ್ತಿಗೆ ಗೋಡೆಗೆ ಒರಗಿದರು. "ತಳ ಹಿಡಿದಿದ್ದನ್ನೂ ತಿಂದ್ರು," ಎಂದರು, ಯಾರಿಗೂ ಅಲ್ಲ. ಅವರ ಬಾಯಿಂದ ಬಂದದ್ದು ಅಳುವೋ ನಗುವೋ ತಿಳಿಯದ ಒಂದು ಸದ್ದು. ಆರು ವರ್ಷ ಮುಖ ಮೂತಿಯಿಲ್ಲದೆ ಅವರ ಮನೆಯೊಳಗೆ ಓಡಾಡಿಕೊಂಡಿದ್ದ ಇನ್ನೊಬ್ಬ ಹೆಂಗಸು ಆ ಗಳಿಗೆಯಲ್ಲಿ ಹೊರಟುಹೋದಳು, ಮತ್ತು ಆ ಜಾಗದಲ್ಲಿ ಏನನ್ನು ಇಡಬೇಕೆಂದು ಅವರಿಗೆ ತೋಚಿದಂತೆ ಕಾಣಲಿಲ್ಲ.

ಚಿಕ್ಕಣ್ಣನಿಗೆ ಅಳು ಬರಬೇಕಾಗಿತ್ತು. ಬರಲಿಲ್ಲ. ಅನುಮಾನವೆಂಬುದು ಒಂದೇ ಮಾತಿಗೆ ಎದ್ದು ಹೋಗುವ ಅತಿಥಿಯಲ್ಲ. ಡಾಕ್ಟರು ಸುಳ್ಳು ಹೇಳುತ್ತಿರಬಹುದೇ? ತನ್ನ ತಲೆಯ ಮೇಲೆ ಬಂದದ್ದನ್ನು ಸತ್ತವನ ಮೂಗಿನ ಮೇಲೆ ಹಾಕುತ್ತಿರಬಹುದೇ? ಅಣ್ಣನೇ ಡಾಕ್ಟರಿಗೆ ಸುಳ್ಳು ಹೇಳಿದ್ದರೆ? ಬ್ರೆಡ್ಡಿನ ರುಚಿ ಗೊತ್ತಾಗದ ಮನುಷ್ಯ ಆರು ವರ್ಷ ಭಟ್ಟಿಯ ಮುಂದೆ ನಿಲ್ಲುವುದು ಸಾಧ್ಯವೇ? ದಿನಾ ಅದೇ ಗಾಳಿ ಉಸಿರಾಡಿ, ಅದರಲ್ಲಿ ಏನೂ ಇಲ್ಲದೆ?

ಹೊರಗಿನಿಂದ ಯಾರೋ ಬಾಗಿಲು ತಟ್ಟಿ, "ಹೊತ್ತಾಯ್ತು," ಎಂದರು.

ಹೆಣ ಹೊತ್ತು ಹೋಗುವಾಗ ಚಿಕ್ಕಣ್ಣ ಮುಂದಿನ ಎಡ ಮೂಲೆಗೆ ಹೆಗಲು ಕೊಟ್ಟ. ಹಗುರವಾಗಿಯೇ ಇತ್ತು. ಹಿಂದೆ ಮೇಷ್ಟ್ರು ಇಲಿಗಳ ಮಾತನ್ನು ಇನ್ನೂ ಮುಗಿಸಿರಲಿಲ್ಲ.

*

ಸಂಜೆ ಜನ ಚದುರಿದರು. ಸ್ನಾನ ಮಾಡಿ ಬಂದ ಚಿಕ್ಕಣ್ಣ ಮನೆಗೆ ಹೋಗದೆ ಅಂಗಡಿಗೆ ಇಳಿದ. ಅರ್ಧ ಎಳೆದ ಶಟರಿನ ಕೆಳಗಿಂದ ಬೀದಿಯ ಬೆಳಕು ಹಿಟ್ಟು ನಾದುವ ಮೇಜಿನ ಕಾಲಿನವರೆಗೆ ಬಂದು ನಿಂತಿತ್ತು. ಗಾಜಿನ ಕಪಾಟಿನಲ್ಲಿ ಮೊನ್ನೆಯ ಒಂದು ಬ್ರೆಡ್ಡು ಉಳಿದಿತ್ತು. ಅವನದೇ ಕೈಯದು.

ಅದನ್ನು ತೆಗೆದು ಮೇಜಿನ ಮೇಲಿಟ್ಟ. ಸ್ಟೂಲು ಎಳೆದು ಕೂತ. ಒಂದು ತುಂಡು ಮುರಿದ. ಬಾಯಿಗೆ ಹಾಕುವ ಮುಂಚೆ ಎಡಗೈಯ ಎರಡು ಬೆರಳಿನಿಂದ ಮೂಗನ್ನು ಗಟ್ಟಿಯಾಗಿ ಹಿಡಿದು ಮುಚ್ಚಿಕೊಂಡ. ಕಣ್ಣೂ ಮುಚ್ಚಿದ. ಅಗಿದ.

ಹತ್ತಿ. ಒದ್ದೆ ಹತ್ತಿ. ಆಮೇಲೆ ಒದ್ದೆ ಕಾಗದ. ನುಂಗಿದ.

ಇನ್ನೊಂದು ತುಂಡು ಮುರಿದ. ಸುಳ್ಳಿರಬಹುದು, ಅಭ್ಯಾಸವಾಗುತ್ತಾ ಆಗುತ್ತಾ ಏನಾದರೂ ಸಿಗಬಹುದು ಎನ್ನುವ ಹಾಗೆ ಬಹಳ ಹೊತ್ತು ಅಗಿದ. ಏನೂ ಸಿಗಲಿಲ್ಲ. ಬಾಯಿಯಿಂದ ಉಸಿರಾಡುತ್ತ ಮೂರನೆಯದನ್ನು ಮುರಿದ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಅತ್ತಿಗೆ ಇಳಿದು ಬಂದು ಕೊನೆಯ ಮೆಟ್ಟಿಲಲ್ಲಿ ನಿಂತರು. ಕತ್ತಲಲ್ಲಿ ಒಬ್ಬ ಮುದುಕ ಮೂಗು ಹಿಡಿದುಕೊಂಡು ಒಣ ಬ್ರೆಡ್ಡು ತಿನ್ನುತ್ತಿದ್ದ; ಮುಚ್ಚಿದ ಕಣ್ಣುಗಳಿಂದ ಇಳಿದ ನೀರು ಬೆರಳುಗಳ ಮೇಲೆ ಹಾದು ಮೊಣಕೈವರೆಗೆ ಹರಿದಿತ್ತು. ಅವನು ಮೂಗನ್ನು ಬಿಡಲಿಲ್ಲ.

ಅತ್ತಿಗೆ ಹತ್ತಿರ ಬಂದರು. ಎದುರಿಗಿದ್ದ ಮೈದಾ ಚೀಲದ ಮೇಲೆ ಕೂತರು. ಸೆರಗಿನ ತುದಿಯಿಂದ ತಮ್ಮ ಮೂಗನ್ನು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಬ್ರೆಡ್ಡಿಗೆ ಚಾಚಿದರು.